ಸಿಮೆಂಟಿಲ್ಲದ ಬೀಮು

ನಲವತ್ತು ವರ್ಷ ಕಾಟ್ಟಿಕುಳಂ ಸುತ್ತಮುತ್ತ ಮೇಸ್ತ್ರಿಯಾಗಿ ದುಡಿದವನು ನಾನು. ಸಿಮೆಂಟೇ ಇಲ್ಲದೆ ಕಾಂಕ್ರೀಟ್ ಮಾಡುತ್ತೇನೆ ಎಂದು ಮಗಳು ಹೇಳಿದಾಗ ನಕ್ಕುಬಿಟ್ಟೆ. ಎಂಜಿನಿಯರಿಂಗ್ ಓದಿ, ಕಾಲೇಜಿನಲ್ಲಿ ಪಾಠ ಹೇಳುವವಳು. ಆದರೂ ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನನ್ನ ಬುದ್ಧಿಯೂ ಅಷ್ಟೇ.

ಚೇಕಾಡಿಯ ಗದ್ದೆಗಳ ನಡುವೆ ಹರಿಯುವ ತೋಡಿಗೆ ಒಂದು ಸೇತುವೆ ಬೇಕಾಗಿತ್ತು. ಹಳೆಯ ಮರದ ದಿಮ್ಮಿಗಳು ಕೊಳೆತು ಟಿಲ್ಲರ್ ದಾಟಿಸುವಂತಿರಲಿಲ್ಲ. ಹಾರುಬೂದಿ, ಕಬ್ಬಿಣದ ಕಿಟ್ಟದ ಪುಡಿ, ಕ್ಷಾರದ ದ್ರಾವಣ ಕಲಸಿ ಮಾಡುವ ಜಿಯೋಪಾಲಿಮರ್ ಬೀಮನ್ನು ಹಾಕೋಣ ಎಂದು ಮಗಳು ಪಾಡಶೇಖರ ಸಮಿತಿಯ ಮುಂದೆ, ಅಂದರೆ ಗದ್ದೆಯವರ ಸಂಘದ ಮುಂದೆ, ಹೇಳಿದಳು.

"ಮೋಳೇ, ಮೊದ್ಲು ಸಿಮೆಂಟಿನ ಬೀಮಿನ ಪಕ್ಕ ಇಟ್ಟು ಭಾರ ಹಾಕಿ ತೋರ್ಸು. ನಿಂದು ಸೋತ್ರೆ ನಮ್ಗೆ ಸಿಮೆಂಟೇ ಶರಿ" ಎಂದರು ಸಮಿತಿಯ ಕಾರ್ಯದರ್ಶಿ, ಮಗಳೇ ಎಂದು ಕರೆಯುವ ಸಲಿಗೆಯಲ್ಲಿ.

ನಮ್ಮ ಅಂಗಳದಲ್ಲೇ ಎರಕ ಹೊಯ್ದೆವು. ಒಂದೇ ಅಳತೆ, ಒಂದೇ ಕಂಬಿ. ಸಿಮೆಂಟಿನದು ಎರಡು, ಅವಳದು ಎರಡು. ಅವಳ ಮಿಶ್ರಣ ಬೆಲ್ಲದ ಪಾಕದಂತೆ ಕರಣೆಗೆ ಅಂಟಿಕೊಳ್ಳುತ್ತಿತ್ತು. ಸ್ವಲ್ಪ ನೀರು ಬಿಡೋಣವೆಂದು ಬಕೆಟ್ಟಿಗೆ ಕೈ ಹಾಕಿದರೆ, ಇದಕ್ಕೆ ನೀರು ಹಾಕಬಾರದೆಂದು ಕಣ್ಣು ಕೆಂಪು ಮಾಡಿದಳು.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಅವಳ ಬೀಮುಗಳು ಪ್ಲಾಸ್ಟಿಕ್ ಹೊದ್ದು ಒಣಗಿ ಕೂತಿವೆ. ಹೊಸ ಕಾಂಕ್ರೀಟಿಗೆ ನೀರು ಕುಡಿಸದೆ ನಾನು ಕಾಫಿ ಕುಡಿದವನಲ್ಲ. ಪಾಪ, ಮಗು ಮರೆತಿದೆ ಎಂದುಕೊಂಡೆ. ಒಂದಕ್ಕೆ ಗೋಣಿ ಸುತ್ತಿ ನಾಲ್ಕು ಕೊಡ ನೀರು ಸುರಿದೆ. ಇನ್ನೊಂದರ ಪ್ಲಾಸ್ಟಿಕ್ ಎತ್ತುವಷ್ಟರಲ್ಲಿ ಮಗಳು ಓಡಿಬಂದಳು.

"ಅಪ್ಪಾ! ಇದಕ್ಕೆ ನೀರು ಹಾಕ್ಬಾರ್ದು ಅಂತ ಹೇಳಿರ್ಲಿಲ್ವಾ? ಕ್ಷಾರ ಎಲ್ಲ ತೊಳ್ದು ಹೋಗ್ತದೆ!"

ಗೋಣಿಯ ಕೆಳಗಿನಿಂದ ನೀರು ಬೆಳ್ಳಗೆ ಇಳಿಯುತ್ತಿತ್ತು. ಆ ಬೀಮು ಪರೀಕ್ಷೆಗೆ ಬರುವಂತಿರಲಿಲ್ಲ. ಇನ್ನೊಂದು ಹೊಯ್ಯಲು ಪುಡಿಯೂ ಉಳಿದಿರಲಿಲ್ಲ. ಇನ್ನು ಉಳಿದದ್ದು ಒಂದೇ ಒಂದು. ಅದರ ಪ್ಲಾಸ್ಟಿಕ್ಕಿನ ಸುತ್ತ ಅವಳು ಹಗ್ಗ ಬಿಗಿದಳು. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ನಾಚಿಕೆಯಿಂದ ಕುಗ್ಗಿಹೋದೆ.

ಇಪ್ಪತ್ತೆಂಟು ದಿನ ಕಳೆದ ಮೇಲೆ ಗದ್ದೆಯ ಬದಿಯಲ್ಲಿ ಪರೀಕ್ಷೆ. ಬೀಮಿನ ಎರಡು ತುದಿಗೂ ಕಲ್ಲಿನ ಆಸರೆ, ನಡುವಿನಲ್ಲಿ ತೂಗುಬಿಟ್ಟ ಹಲಗೆ, ಅದರ ಮೇಲೆ ಒಂದೊಂದೇ ಮರಳಿನ ಚೀಲ. ಎಷ್ಟು ಬಗ್ಗಿತೆಂದು ನೋಡಲು ನನ್ನ ಕೆಲಸದ ನೂಲನ್ನೇ ಪಕ್ಕದಲ್ಲಿ ಎಳೆದು ಕಟ್ಟಿದ್ದೆ. ಮೊದಲು ಸಿಮೆಂಟಿನದು. ಅಡಿಯಿಂದ ಬಿರುಕು ಮೇಲೇರಿತು, ಅಗಲವಾಯಿತು, ಕೊನೆಗೆ ಕುಸಿಯಿತು. ಚೀಲ ಎಣಿಸಿಟ್ಟುಕೊಂಡೆವು.

ಆಮೇಲೆ ಅವಳದು. ಬಿರುಕು ಅದಕ್ಕೂ ಬಂತು, ಹೆಚ್ಚುಕಡಿಮೆ ಅದೇ ತರ. ಆದರೆ ನೂಲಿನಿಂದ ಕೆಳಗೆ ಇಳಿದದ್ದು ಸಿಮೆಂಟಿಗಿಂತ ತುಸು ಹೆಚ್ಚು.

"ಬಗ್ಗಿತಲ್ಲ ಮೇಸ್ತ್ರೀ, ನಿಲ್ಸುವ" ಎಂದರು ಕಾರ್ಯದರ್ಶಿ.

ಮಗಳ ಮುಖ ಬಾಡಿತು. ನನಗೆ ಎಲ್ಲಿಂದ ಬಂತೋ ರೋಷ.

"ಬಗ್ಗೋದು ಬೇರೆ, ಬೀಳೋದು ಬೇರೆ! ಚೀಲ ಹಾಕಿ!"

ಹಾಕಿದರು. ಸಿಮೆಂಟು ಕುಸಿದ ಲೆಕ್ಕಕ್ಕೆ ಚೀಲ ಬಂತು; ಬೀಮು ನಿಂತಿತ್ತು. ಇನ್ನೊಂದು. ಮತ್ತೊಂದು. ಕೊನೆಗೆ ತಂದ ಚೀಲಗಳೇ ಮುಗಿದವು, ಬೀಮು ಮುಗಿಯಲಿಲ್ಲ! ಗದ್ದೆಯವರೆಲ್ಲ ಕೂಗಿದರು. ನಾನು ಮುಂಡುಪಂಚೆ ಎತ್ತಿ ಕಟ್ಟಿ ಬದುವಿನ ಮೇಲೆ ಕುಣಿದೇ ಕುಣಿದೆ. ನನ್ನ ಸಿಮೆಂಟು ಸೋತಿತ್ತು, ಅಷ್ಟು ಸಂತೋಷ ನಾನು ಯಾವ ಮನೆ ಕಟ್ಟಿ ಮುಗಿಸಿದಾಗಲೂ ಪಟ್ಟಿರಲಿಲ್ಲ.

"ಸೇತುವೆ ಮೇಲೆ ಇದ್ರ ಕಾಲುಭಾಗ ಭಾರನೂ ಬೀಳಲ್ಲ" ಎಂದು ಮಗಳು ವಿವರಿಸುತ್ತಿದ್ದಳು. ಯಾರಿಗೂ ವಿವರಣೆ ಬೇಕಿರಲಿಲ್ಲ.

ಕಾರ್ಯದರ್ಶಿ ನನ್ನ ಕೈ ಹಿಡಿದರು. "ಹಾಗಾದ್ರೆ ಸೇತುವೆಗೆ ಮೇಸ್ತ್ರಿ ನೀವೇ ಅಲ್ವಾ?"

"ಮೇಸ್ತ್ರಿ ಅವಳು" ಎಂದೆ. "ಕಲಸೋಕೆ ನಾನು ಬರ್ತೇನೆ."