ಬೈಠಕ್ಕಿನಲ್ಲಿ ಮೈ ತೂಗುವವರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮಗಳಿಗೆ ಆಟಿಸಂ ಇದೆ ಎಂದು ತಿಳಿದ ಮೇಲಂತೂ ಅದಕ್ಕೆ ಪುರುಸೊತ್ತೇ ಇಲ್ಲ. "ಕೈ ಆಡಸಬ್ಯಾಡ, ಮೈ ತೂಗಬ್ಯಾಡ, ಮಾರಿ ನೋಡಿ ಮಾತಾಡು" ಎಂದು ಅವಳಿಗೆ ಬುದ್ಧಿ ಹೇಳದ ಮನುಷ್ಯ ಧಾರವಾಡದಲ್ಲಿ ಇನ್ನೂ ಹುಟ್ಟಬೇಕು.

ಅವಳಿಗೀಗ ಹದಿನೈದು. ಮಾತು ಕಡಿಮೆ, ಕಿವಿ ಬಲು ಚುರುಕು. ಮನೆ ಬಿಟ್ಟು ಅವಳು ಖುಷಿಯಿಂದ ಹೋಗುತ್ತಿದ್ದುದು ಒಂದೇ ಕಡೆ. ಕೆಲಗೇರಿಯ ಕಾಕಾ ಒಬ್ಬರ ಮನೆಯಲ್ಲಿ ತಿಂಗಳಿಗೊಮ್ಮೆ ಸಂಗೀತದ ಬೈಠಕ್ಕು ನಡೆಯುತ್ತದೆ, ಅಲ್ಲಿಗೆ. ಹಿಂದೆ ಮುಂದೆ ತೂಗುತ್ತಾ, ಬೆರಳು ಕುಣಿಸುತ್ತಾ, ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದಳು.

ಕಳೆದ ಶ್ರಾವಣದಲ್ಲಿ, ಎರಡು ಹಾಡುಗಳ ನಡುವೆ ಚಹಾಕ್ಕೆ ಬಿಟ್ಟಾಗ, ಕಾಕಾ ನನ್ನ ಹತ್ತಿರ ಬಂದರು.

"ತಪ್ಪು ತಿಳೀಬ್ಯಾಡವಾ. ಹುಡುಗಿ ಹಂಗ ತೂಗಿದ್ರ ಮಂದಿ ಲಕ್ಷ್ಯ ಎಲ್ಲಾ ಆ ಕಡೆ ಹೋಗ್ತದ. ಸುಮ್ಮನ ಕೂಡ್ಲಿಕ್ಕೆ ಆಗೂದಿಲ್ಲಂದ್ರ ಮುಂದಿನ ತಿಂಗಳದಿಂದ ಮನ್ಯಾಗ ಬಿಟ್ಟು ಬಾ."

ಈ ಒಂದು ಬಾಗಿಲೂ ಮುಚ್ಚಿದರೆ ಅವಳಿಗೆ ಉಳಿಯುವುದು ನಾಲ್ಕು ಗೋಡೆ. ಆದರೆ ನನ್ನ ಬಾಯಿ ಅಳುವುದಕ್ಕಿಂತ ಮೊದಲು ಜಗಳಕ್ಕೆ ನಿಲ್ಲುತ್ತದೆ.

"ಕಾಕಾ, ನೀವರೇ ಸುಮ್ಮನ ಕೂಡ್ತೀರೇನು? ಗೋಣು ಅಲ್ಲಾಡಸ್ತೀರಿ, ತೊಡಿ ಬಡೀತೀರಿ, ತಾಳ ತಿರುಗಿ ಸಮ್‌ಗೆ ಬಂದ ಕೂಡಲೇ ಕೈ ಎತ್ತಿ 'ಆಹಾ' ಅಂತೀರಿ. ಯಾರರೇ ನಿಮ್ಮನ್ನ ಡಾಕ್ಟರ್ ಕಡೆ ಕರ್ಕೊಂಡು ಹೋಗ್ಯಾರೇನು?"

ಚಹಾ ಕುಡಿಯುತ್ತಿದ್ದವರು ನಕ್ಕುಬಿಟ್ಟರು. "ಅದು ಬ್ಯಾರೆನ ಆತು," ಎಂದರು ಕಾಕಾ.

"ಹಂಗಾರ ಒಂದು ಹಾಡು ಕೈ ಕಟ್ಟಿ ಕೂತು ಕೇಳ್ರಿ, ನೋಡೋಣು."

ಕಾಕಾ ಹಟದ ಮನುಷ್ಯ. ಪಾಸ್‌ಪೋರ್ಟ್ ಫೋಟೋಕ್ಕೆ ಕೂತವರಂತೆ ಸೆಟೆದು ಕೂತರು. ಹಾಡು ಶುರುವಾಯಿತು. ಸ್ವಲ್ಪ ಹೊತ್ತಿನಲ್ಲೇ ಅವರ ಹಣೆಯ ಮೇಲೆ ಬೆವರು. ಗೋಣು ತಾನಾಗಿ ವಾಲುತ್ತಿತ್ತು, ಅವರು ಅದನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ತಾಳ ಸುತ್ತಿ ಬಂದು ತನ್ನ ಮೊದಲ ಪೆಟ್ಟಾದ ಸಮ್‌ಗೆ ಕೂತು ಮಂದಿಯೆಲ್ಲ "ಆಹಾ" ಎಂದಾಗ ಕಾಕಾ ಕಣ್ಣು ಕಣ್ಣು ಬಿಟ್ಟರು. ಅದು ಬಂದದ್ದೇ ಅವರಿಗೆ ಗೊತ್ತಾಗಿರಲಿಲ್ಲ.

"ಏನ್ ಸುಡಗಾಡೋ!" ಎಂದರು ಹಾಡು ಮುಗಿದ ಮೇಲೆ. "ಕೈ ಕಟ್ಟಿದ್ರ ಕಿವೀನೂ ಕಟ್ಟಿಧಂಗಾತು. ಬರೇ ಕೈ ಹಿಡಕೊಳ್ಳೂದ ಆತು, ಹಾಡೆಲ್ಲಿ ಕೇಳಿದೆ?"

"ಸಾಲ್ಯಾಗ ಅಕಿಗೆ ದಿನಾ ಇದ ಪಾಡು, ಕಾಕಾ," ಎಂದೆ. ದನಿ ನಡುಗಿತು. ನಡುಗಿದ್ದಕ್ಕೂ ನನಗೆ ಸಿಟ್ಟು ಬಂತು.

ಕಾಕಾ ಎದ್ದು ಹೋಗಿ ಮಗಳ ಪಕ್ಕದಲ್ಲಿ ಕೂತರು. "ಬೇಕಾದಂಗ ತೂಗವಾ, ನಾನೂ ಬಡೀತೇನಿ," ಎಂದು ಮುಂದಿನ ಹಾಡಿಗೆ ಛಟ್ಟನೆ ತೊಡೆ ಬಡಿದರು. ಅವಳು ಎರಡೂ ಕಿವಿ ಮುಚ್ಚಿಕೊಂಡಳು.

"ಸಪ್ಪಳ ಭಾಳ," ಎಂದಳು. ಆ ಮನೆಯಲ್ಲಿ ಅವಳಾಡಿದ ಮೊದಲ ಮಾತು ಅದು.

ಇನ್ನೇನು ಮುಗೀತು ಎಂದುಕೊಂಡೆ. ಕಾಕಾ ಬೆನ್ನ ಹಿಂದಿನ ಲೋಡುದಿಂಬನ್ನು ಎಳೆದು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಮೆತ್ತಗೆ ತಾಳ ಹಾಕಿದರು.

"ಈಗ?" ಎಂದು ಕೇಳಿದರು.

ಅವಳು ಕಿವಿಯಿಂದ ಕೈ ತೆಗೆದು ಮತ್ತೆ ತೂಗತೊಡಗಿದಳು. ಇಷ್ಟು ವರ್ಷ ಎಲ್ಲರ ಸಲುವಾಗಿ ಅವಳೇ ತಿದ್ದಿಕೊಳ್ಳುತ್ತಾ ಬಂದಿದ್ದಳು. ಅವಳ ಸಲುವಾಗಿ ಇನ್ನೊಬ್ಬರು ತಿದ್ದಿಕೊಂಡದ್ದನ್ನು ನಾನು ಕಂಡದ್ದು ಅಂದೇ.