ತೆರೆಯ ಮೇಲಿನ ಕಾಗದ

ಇಳಕಲ್ಲಿನ ಸಿದ್ದಲಿಂಗವ್ವ ಶಾಲೆ ಬಿಟ್ಟದ್ದು ಆರನೇ ವಯಸ್ಸಿಗೆ. ಮಗ್ಗದ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತಲು ಅವಳ ಕೈ ಬೇಕಾಗಿತ್ತು, ಅಕ್ಷರ ಯಾರಿಗೂ ಬೇಕಾಗಿರಲಿಲ್ಲ. ಮೂವತ್ತು ವರ್ಷ ಅವಳಿಗೂ ಅದು ಮರೆತೇಹೋಗಿತ್ತು. ನೆನಪು ಮಾಡಿಕೊಟ್ಟದ್ದು ಎಪ್ಪತ್ತಾರನೇ ಇಸವಿಯಲ್ಲಿ ಊರಿಗೆ ಬಂದ ಟೆಂಟ್ ಟಾಕೀಸು.

ಹಳ್ಳಿ ಮಾಸ್ತರರೊಬ್ಬರ ಚಿತ್ರ ಅದು. ಕಾದಂಬರಿ ಆಧರಿಸಿದ್ದೆಂದು ಧ್ವನಿವರ್ಧಕದಲ್ಲಿ ಓಣಿಓಣಿಗೂ ಸಾರಿದ್ದರು. ಮಾಸ್ತರರು ಬಡ ಹುಡುಗಿಯೊಬ್ಬಳನ್ನು ಹಟ ಹಿಡಿದು ಓದಿಸುತ್ತಾರೆ. ಅವಳು ಪಟ್ಟಣಕ್ಕೆ ಹೋಗಿ ಕಾಯಿಲೆ ಬೀಳುತ್ತಾಳೆ, ಆಮೇಲೆ ಸುದ್ದಿಯೇ ಇಲ್ಲ. ಕೊನೆಗೆ ಮುದುಕರಾದ ಮಾಸ್ತರರಿಗೆ ಒಂದು ಕಾಗದ ಬರುತ್ತದೆ. ತೆರೆಯ ತುಂಬ ಬರೀ ಕಾಗದ, ಮಾತಿಲ್ಲ, ಹಿಂದೆ ಪಿಟೀಲು. ಮಾಸ್ತರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಆಟ ಮುಗಿಯಿತು. ಹೆಂಗಸರ ಕಡೆ ಕೂತವರಲ್ಲಿ ಒಬ್ಬಳಿಗೂ ಓದು ಬಾರದು. ಆದರೂ ಎಲ್ಲರೂ ಸೆರಗು ಒದ್ದೆ ಮಾಡಿಕೊಂಡೇ ಎದ್ದರು.

"ಏನ್ ಬರದಿತ್ರಿ ಅದರಾಗ?" ಎಂದು ಸಿದ್ದಲಿಂಗವ್ವ ಗಂಡ ನೀಲಪ್ಪನನ್ನು ಕೇಳಿದಳು.

"ಹುಡುಗಿ ಸತ್ತಾಳಂತ," ಅಂದ ನೀಲಪ್ಪ.

ಪಕ್ಕದ ಮನೆಯ ಅಹ್ಮದಸಾಬ, "ಏ ಇಲ್ಲವಾ, ಆಕಿ ಮದುವಿ ಆಗೇತಂತ," ಅಂದ.

ಒಂದೇ ಕಾಗದದಲ್ಲಿ ಹೆಣವೂ ಉಂಟು, ಹಂದರವೂ ಉಂಟು! ಸಿದ್ದಲಿಂಗವ್ವನಿಗೆ ಸಿಟ್ಟು ನೆತ್ತಿಗೇರಿತು. ಆ ಹುಡುಗಿ ಬದುಕಿದ್ದಾಳೋ ಇಲ್ಲವೋ ತಿಳಿಯದೆ ಎರಡು ದಿನ ಅನ್ನ ಸೇರಲಿಲ್ಲ. ಮೂರನೇ ದಿನ ಟೆಂಟಿಗೆ ಹೋಗಿ ಮಷಿನ್ ನಡೆಸುವ ಅಕ್ಬರಸಾಬನನ್ನೇ ಹಿಡಿದಳು.

"ನಾ ಉರ್ದು ಸಾಲಿ ಕಲ್ತಾಂವ ಬೇ. ನೂರು ಸಲ ತೋರ್ಸೇನಿ, ಏನೈತೋ ನನಗೂ ಗೊತ್ತಿಲ್ಲ," ಎಂದು ಅವನು ನಕ್ಕ. ಕಾಗದ ಬಂದಾಗ ತುಸು ನಿಲ್ಲಿಸು ಎಂದರೆ, "ನಿಲ್ಲಿಸಿದ್ರ ಫಿಲಂ ಸುಡತೈತಿ," ಅಂದ.

ಅವತ್ತು ಇನ್ನೊಮ್ಮೆ ಆಟ ನೋಡಿದಳು. ಕಾಗದ ತೆರೆಯ ಮೇಲಿದ್ದದ್ದು ಮಗ್ಗದ ಲಾಳಿ ಇಪ್ಪತ್ತು ಸಲ ಓಡುವಷ್ಟು ಹೊತ್ತು. ನೇಯುವವಳಿಗೆ ಆ ಲೆಕ್ಕ ತಪ್ಪುವುದಿಲ್ಲ.

ಓಣಿಯ ತುದಿಯಲ್ಲಿ ನಿವೃತ್ತ ಶಿಕ್ಷಕಿ ಗುರುಲಿಂಗವ್ವ ಇದ್ದರು, ಓಣಿಗೆಲ್ಲ ‘ಅಕ್ಕೋರು’. ಸಿನಿಮಾ ಎಂದರೆ ಮೂಗು ಮುರಿಯುವವರು.

"ಅಕ್ಕೋರ, ನನಗ ಓದಾಕ ಕಲಸ್ರಿ. ಇನ್ನ ಮ್ಯಾಲೆ ನಾ ಯಾರ ಬಾಯಿಂದನೂ ಕೇಳೂದಿಲ್ಲ."

ಮಧ್ಯಾಹ್ನ ಅವರ ಕಟ್ಟೆಯ ಮೇಲೆ ಪಾಠ. ಉಳಿದ ಹೊತ್ತು ಮಗ್ಗದ ಎದುರು ಹಳೆಯ ಪೇಪರಿನ ತುಂಡು ಅಂಟಿಸಿಕೊಂಡು, ಇಪ್ಪತ್ತು ಲಾಳಿಯೊಳಗೆ ಓದಿ ಮುಗಿಸಬೇಕೆಂಬ ಹಟ. ಮೊದಮೊದಲು ಇಪ್ಪತ್ತಕ್ಕೆ ಒಂದು ಪದ. ಒತ್ತಕ್ಷರ ಬಂದರೆ ಬೆವರು. ಓಣಿಯವರು ನಕ್ಕರು, ನಕ್ಕು ಸುಸ್ತಾದರು. ಅಷ್ಟರಲ್ಲಿ ಟೆಂಟಿನವರು ಗೂಟ ಕಿತ್ತುಕೊಂಡು ಬೇರೆ ಊರಿಗೆ ಹೋಗಿದ್ದರು. ಅವಳು ಮಾತ್ರ ಪಾಠ ಬಿಡಲಿಲ್ಲ.

ಮರುವರ್ಷ ಅದೇ ಟೆಂಟು ಅದೇ ಚಿತ್ರದೊಂದಿಗೆ ಹತ್ತಿರದ ಕಮತಗಿಗೆ ಬಂದಿದೆ ಎಂದು ಸುದ್ದಿಯಾಯಿತು. ಗಂಡನನ್ನು ಎಳೆದುಕೊಂಡು ಬಸ್ಸು ಹತ್ತಿದಳು. ಟೆಂಟು ಕಿಕ್ಕಿರಿದಿತ್ತು. ಕಾಗದ ಬರುವ ಮೊದಲೇ ಹೆಂಗಸರು ಅಳಲು ಸೆರಗು ಹಿಡಿದು ಸಿದ್ಧರಾದರು. ತೆರೆ ಬೆಳ್ಳಗಾಯಿತು, ಕಾಗದ ಬಂತು. ಸಿದ್ದಲಿಂಗವ್ವ ಎದ್ದು ನಿಂತಳು. ಇಡೀ ಟೆಂಟಿಗೆ ಕೇಳುವಂತೆ ಓದಿದಳು.

"ಗುರುಗಳಿಗೆ ನಮಸ್ಕಾರ. ನಾನೀಗ ಗುಣವಾಗಿದ್ದೇನೆ. ನಿಮ್ಮ ಶಾಲೆಗೇ ಶಿಕ್ಷಕಿಯಾಗಿ ಬರುತ್ತಿದ್ದೇನೆ. ಸೋಮವಾರ ಬಾಗಿಲು ನಾನೇ ತೆರೆಯುತ್ತೇನೆ. ಕೀಲಿಕೈ ಯಾರಿಗೂ ಕೊಡಬೇಡಿ."

ಮುದುಕಿಯೊಬ್ಬಳು ಕೇಳಿದಳು: "ಅಂದ್ರ, ಹುಡುಗಿ ಸತ್ತಿಲ್ಲೇನ?"

"ಸತ್ತಿಲ್ಲಬೇ ಯವ್ವಾ! ಅಕ್ಕೋರಾಗಿ ಬರಾಕತ್ತಾಳ!" ಅಂದಳು ಸಿದ್ದಲಿಂಗವ್ವ.

ಹೆಂಗಸರ ಕಡೆಯಿಂದ ಎದ್ದ ಕೂಗಿಗೆ ಟೆಂಟಿನ ಬಟ್ಟೆ ಹಾರದೆ ಉಳಿದದ್ದೇ ಹೆಚ್ಚು. ಅಳಲು ಬಂದವರು ನಗುತ್ತಾ ಅತ್ತರು. ಅಕ್ಬರಸಾಬ ಮಷಿನ್ ಪಕ್ಕದಿಂದಲೇ ಚಪ್ಪಾಳೆ ತಟ್ಟಿದ. ಸಿದ್ದಲಿಂಗವ್ವನಿಗೆ ಜಗತ್ತನ್ನೇ ಗೆದ್ದಷ್ಟು ಸಂತೋಷವಾಗಿತ್ತು, ಅದನ್ನು ಮುಚ್ಚಿಡಲೂ ಇಲ್ಲ.

ಬಸ್‌ಸ್ಟ್ಯಾಂಡಿಗೆ ನಡೆಯುವಾಗ ನೀಲಪ್ಪ ಹಿಂದೆ ಬಿದ್ದಿದ್ದ. ಕೊನೆಗೆ ಹತ್ತಿರ ಬಂದು ಮೆಲ್ಲಗೆ ಅಂದ: "ಖರೆ ಹೇಳ್ತೇನಿ. ನನಗೂ ಓದಾಕ ಬರೂದಿಲ್ಲ. ಮಾಸ್ತರು ಅತ್ರಲ್ಲ, ಸತ್ತಿರಬೇಕು ಅಂತ ಹೇಳಿದೆ."

"ನನಗ ಗೊತ್ತೈತ್ರಿ," ಅಂದಳು ಸಿದ್ದಲಿಂಗವ್ವ. "ನಾಳಿಯಿಂದ ಕಲಿಯಾಕ ಕುಂದರ್ರಿ. ನಾನ ಕಲಸ್ತೇನಿ."