ಸೆರಗಿನ ಕೆಂಪು

ಹೋದ ತಿಂಗಳು ಹೊಸ ಮಾನಿಟರ್ ಇಡಲೆಂದು ಮೇಜು ಖಾಲಿ ಮಾಡುವಾಗ ಖಾನೆಯ ತಳದಲ್ಲಿ ಇಳಕಲ್ ಸೀರೆಯ ಸೆರಗಿನ ತುಂಡೊಂದು ಸಿಕ್ಕಿತು. ಅಂಗೈಯಷ್ಟು ಅಗಲ, ಕುಂಕುಮದ ಕೆಂಪು. ಮೂಗಿಗೆ ಹಿಡಿದರೆ ಇನ್ನೂ ಟರ್ಪೆಂಟೈನ್ ವಾಸನೆ... ಪೇಂಟರ್ ಕಾಕಾರ ಅಂಗಿಯ ಕಿಸೆಯ ವಾಸನೆ ಅದು.

ನಾಶಿಕದ ನಮ್ಮ ಓಣಿಯಲ್ಲಿ ಕಾಕಾ ಪಕ್ಕದ ಮನೆಯವರು. ಅಪ್ಪ ಬಾಗಲಕೋಟೆ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದಾಗ ಜೊತೆಗೆ ಬಂದವರು. ಅಪ್ಪ ಕಟ್ಟಿದ ಗೋಡೆಗೆ ಕಾಕಾ ಬಣ್ಣ ಹಚ್ಚುತ್ತಿದ್ದರು. ಎಷ್ಟೇ ಅವಸರವಿರಲಿ, ಮೊದಲು ಅಂಗೈ ಅಗಲ ಹಚ್ಚಿ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ನೋಡಿ, ಆಮೇಲೆಯೇ ಇಡೀ ಗೋಡೆಗೆ ಕೈ ಹಾಕುವುದು ಅವರ ಪದ್ಧತಿ. ಮಾಲೀಕರು ರೇಗಿದರೂ ಜಗ್ಗುತ್ತಿರಲಿಲ್ಲ.

ನಾನು ಮದುವೆ ವಿಡಿಯೊ ಎಡಿಟಿಂಗು, ಲಗ್ನಪತ್ರಿಕೆ ಡಿಸೈನು ಅಂತ ಮನೆಯಲ್ಲೇ ಕೆಲಸ ಶುರುಮಾಡಿದ ವರ್ಷ ಅವರ ಹೆಂಡತಿ, ನಮ್ಮ ಕಾಕೂ, ತೀರಿಕೊಂಡರು. ಆಕೆಯದು ಇದ್ದದ್ದು ಒಂದೇ ಫೋಟೊ; ಯಾರದೋ ಮದುವೆಯಲ್ಲಿ ಮೊಬೈಲಿನಲ್ಲಿ ತೆಗೆದದ್ದು, ಬಣ್ಣವೆಲ್ಲ ಮಂಕು. ಅದನ್ನು ತಿದ್ದಿ ದೊಡ್ಡದು ಮಾಡಿಕೊಡು ಎಂದು ಕಾಕಾ ಬಂದರು. ಫೋಟೊದಲ್ಲಿ ಉಟ್ಟ ಸೀರೆ ಆಗಲೇ ಕೌದಿಯಾಗಿ ಹೋಗಿತ್ತು. ಕೌದಿ ಹೊಲಿದು ಉಳಿದದ್ದು ಈ ತುಂಡು.

"ಯವ್ವಾ, ಕೆಂಪು ಇದರಂಗ ಬರಬೇಕು ನೋಡು. ಸೀರಿ ಬಣ್ಣಾ ತಪ್ಪಿದ್ರ ಅದು ನಿಮ್ಮ ಕಾಕೂ ಅಲ್ಲ, ಬ್ಯಾರೆ ಯಾರೋ."

ನನ್ನ ಹಳೆಯ ಲ್ಯಾಪ್‌ಟಾಪ್ ಅದಕ್ಕೆ ಸಾಲದು. ಹೇಗೂ ಕೆಲಸಕ್ಕೆ ದೊಡ್ಡ ಮಾನಿಟರ್ ಬೇಕಿತ್ತು. ಕೊಳ್ಳಲು ಹೊರಟಾಗ ಕಾಕಾ ಕೂಡ ಜೊತೆಗೆ ಬಂದರು, ಬಣ್ಣದ ಕಲೆಯ ಅಂಗಿಯಲ್ಲೇ.

ಅಂಗಡಿಯಲ್ಲಿ ಎರಡನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಒಂದು ಬಾಗಿದ ಪರದೆಯದು, ಗೇಮ್ ಆಡುವವರಿಗೆ ಮಾಡಿದ್ದು. ಅದರಲ್ಲಿ ಗಿಳಿಯೊಂದು ರೆಕ್ಕೆ ಬಿಚ್ಚಿದರೆ ಕಣ್ಣು ಕುಕ್ಕುತ್ತಿತ್ತು. ಇನ್ನೊಂದು ಚಪ್ಪಟೆ, ಹೊಳಪಿಲ್ಲದ್ದು. ಡಿಸೈನಿನವರು ಇದನ್ನೇ ಒಯ್ಯುತ್ತಾರೆ ಎಂದು ಸೇಲ್ಸ್‌ಮನ್ ಹೇಳಿದ್ದನ್ನು ನಾನು ಕೇಳಿಯೂ ಕೇಳದ ಹಾಗಿದ್ದೆ. ಗಿಳಿಗೆ ಮರುಳಾಗಿದ್ದೆ.

"ಆ ಗಿಳಿ ತಗೀರಿ. ಬರೇ ಬಿಳೇದು ಹಚ್ರಿ," ಎಂದು ಕಾಕಾ ಸೇಲ್ಸ್‌ಮನ್‌ಗೆ ಮರಾಠಿಯಲ್ಲಿ ಹೇಳಿದರು.

ಎರಡರಲ್ಲೂ ಬಿಳಿ ಬಂತು. ಕಾಕಾ ಎಡಕ್ಕೆ ನಿಂತು ನೋಡಿದರು, ಬಲಕ್ಕೆ ನಿಂತು ನೋಡಿದರು, ಕುಕ್ಕರಗಾಲಲ್ಲಿ ಕೂತು ನೋಡಿದರು. ಆಮೇಲೆ ಕೆಂಪು ಹಾಕಿಸಿ, ಸೆರಗಿನ ತುಂಡನ್ನು ಪರದೆಗೆ ತಾಗಿಸಿ ಹಿಡಿದರು. ಬಾಗಿದ್ದರಲ್ಲಿ ಕೆಂಪು ಉರಿಯುತ್ತಿತ್ತು. ಚಪ್ಪಟೆಯದರಲ್ಲಿ ಆ ತುಂಡಿನ ತಂಗಿಯಂತಿತ್ತು.

"ಬೆಳ್ಳಗಿದ್ದದ್ದೆಲ್ಲಾ ಹಾಲಲ್ಲ ಯವ್ವಾ. ಈ ಸಪ್ಪಂದ ಖರೇ ಹೇಳತೈತಿ, ಇದನ್ನ ತಗೋ."

ಅಷ್ಟರಲ್ಲಿ ಹಿಂದೆ ನಿಂತವರು ಕಿಸಕ್ಕೆಂದರು. ನನಗೆ ನಾಚಿಕೆಯಾಯಿತು. ಸೇಲ್ಸ್‌ಮನ್ ಕಡೆ ತಿರುಗಿ ಮರಾಠಿಯಲ್ಲಿ ಹೇಳಿಬಿಟ್ಟೆ: "ಘರಚೇ ನಾಹೀತ. ಶೇಜಾರೀ ಆಹೇತ, ಭಿಂತೀ ರಂಗವತಾತ." ನಮ್ಮ ಮನೆಯವರಲ್ಲ, ಪಕ್ಕದವರು, ಗೋಡೆಗೆ ಬಣ್ಣ ಹಚ್ಚುತ್ತಾರೆ ಅಂತ. ಕಾಕಾರ ಮರಾಠಿ ನನ್ನದಕ್ಕಿಂತ ಚೆನ್ನಾಗಿತ್ತು. ತುಂಡನ್ನು ಮಡಚಿ ನನ್ನ ಕೈಗಿಟ್ಟು, ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತರು. ನಾನು ಬಾಗಿದ್ದನ್ನೇ ಕೊಂಡೆ. ರಿಕ್ಷಾದಲ್ಲಿ ಅದು ಕುಲುಕಬಾರದೆಂದು ಮನೆ ಮುಟ್ಟುವವರೆಗೂ ಡಬ್ಬವನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದವರು ಕಾಕಾ.

ಆ ಪರದೆಯಲ್ಲಿ ಕಾಕೂನ ಸೀರೆ ಧಗಧಗ ಅನ್ನುತ್ತಿತ್ತು. ತುಂಡಿಗೆ ಹೊಂದಲಿ ಎಂದು ಕೆಂಪನ್ನು ಇಳಿಸಿದೆ, ಬೆಳಕನ್ನೂ ಇಳಿಸಿದೆ. ಕಾಕಾರ ಹಾಗೆ ಅಂಗೈ ಅಗಲದ ಒಂದು ಪ್ರಿಂಟ್ ತೆಗೆಸಿ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ, ಸೀದಾ ದೊಡ್ಡದನ್ನೇ ಮಾಡಿಸಿ ಫ್ರೇಮ್ ಹಾಕಿಸಿದೆ. ಬಂದದ್ದು ಸುಟ್ಟ ಇಟ್ಟಿಗೆಯ ಬಣ್ಣ, ಮುಖವೂ ಕಪ್ಪು. ಕಾಕಾ ಬಹಳ ಹೊತ್ತು ನೋಡಿ, "ಚಲೋ ಆಗೇತಿ ಯವ್ವಾ" ಎಂದು ಎದೆಗೊತ್ತಿಕೊಂಡು ಹೋದರು.

ಚಲೋ ಆಗಿರಲಿಲ್ಲ. ನನಗೂ ಗೊತ್ತಿತ್ತು. ಮತ್ತೆ ಮಾಡಿಕೊಟ್ಟರಾಯಿತು ಅಂದುಕೊಂಡೆ... ಕಾಕಾ ಸಂಭಾಜಿನಗರಕ್ಕೆ, ಮಗಳ ಮನೆಗೆ ಹೋದರು. ಫೋನಿನಲ್ಲಿ "ಒಮ್ಮೆ ಬಂದು ಹೋಗು" ಅನ್ನುತ್ತಿದ್ದರು. "ಲಗ್ನದ ಸೀಜನ್ ಮುಗೀಲಿರಿ ಕಾಕಾ" ಅನ್ನುತ್ತಿದ್ದೆ. ಹೋದ ಮಳೆಗಾಲ, ಇಗತಪುರಿಯ ಮಂಜಿನಲ್ಲಿ ಯಾವುದೋ ಜೋಡಿಯ ಶೂಟಿಂಗ್ ಮಾಡುತ್ತಿದ್ದಾಗ ಕಾಕಾ ತೀರಿಕೊಂಡ ಸುದ್ದಿ ಬಂತು. ಕೆಲಸ ಅರ್ಧಕ್ಕೆ ಬಿಡಲಾಗಲಿಲ್ಲ ಎಂದು ಮಣ್ಣಿಗೂ ಹೋಗಲಿಲ್ಲ.

ಈ ಸಲ ಚಪ್ಪಟೆಯದನ್ನೇ ತಂದೆ. ಕೆಟ್ಟ ಮೇಲೆ ಬುದ್ಧಿ. ಹಳೆಯ ಫೈಲ್ ತೆರೆದು ತುಂಡನ್ನು ಪಕ್ಕದಲ್ಲಿ ಹಿಡಿದು ಎರಡು ದಿನ ತಿದ್ದಿದೆ. ಮೊದಲು ಅಂಗೈ ಅಗಲದ ಪ್ರಿಂಟ್ ತೆಗೆಸಿ, ಬೆಳಿಗ್ಗೆ ನೋಡಿದೆ, ಸಂಜೆ ನೋಡಿದೆ. ದೊಡ್ಡದು ಬಂದಾಗ ಅದು ಕಾಕೂನೇ. ಅದನ್ನು ಹಿಡಿದು ಸಂಭಾಜಿನಗರದ ಬಸ್ಸು ಹತ್ತಿದೆ.

ಮಗಳ ಮನೆಯಲ್ಲಿ ಎಲ್ಲ ಗೋಡೆಯೂ ಬಿಳಿ, ಒಂದು ಮಾತ್ರ ಕಡು ಬೂದು. ಅದರ ಮೇಲೆ ನಾನು ಕೆಡಿಸಿದ ಆ ಫೋಟೊ. ಆದರೆ ಅಲ್ಲಿ ಸೀರೆ ಕೆಂಪಗೆ ಕಾಣುತ್ತಿತ್ತು, ಕಾಕೂನ ಮುಖ ಬೆಳಗಿತ್ತು.

ಮಗಳು ಬಾಗಿಲು ಸರಿಸಿ ತೋರಿಸಿದಳು. ಹಿಂದೆ ಗೋಡೆಯ ಮೇಲೆ ಅಂಗೈ ಅಗಲದ ಐದು ಗುರುತು, ಐದು ಬಣ್ಣ. "ಅಪ್ಪಾ ಒಂದ ವಾರ ಫೋಟೊ ಹಿಡಕೊಂಡು ಇಲ್ಲೇ ನಿಂದರತಿದ್ರಕ್ಕಾ. ಹಿಂದ ಕರೀ ಇದ್ರನ ನಿಮ್ಮವ್ವನ ಸೀರಿ ಕೆಂಪ ಕಾಣ್ತೈತಿ ಅಂತ ನನಗ ಹೇಳ್ತಿದ್ರು."

"ಫೋಟೊ ಕೆಟ್ಟೈತಿ ಅನ್ನಲಿಲ್ಲೇನು?"

"ಇಲ್ಲಕ್ಕಾ. ಬಂದೋರಿಗೆಲ್ಲಾ ತೋರಸ್ತಿದ್ರು, ನಮ್ಮನಿ ಹುಡುಗಿ ಮಾಡಿದ್ದು ಅಂತ."

ಹೊಸ ಫೋಟೊವನ್ನು ಚೀಲದಿಂದ ತೆಗೆಯಲಿಲ್ಲ. ಅದೀಗ ನನ್ನ ಮೇಜಿನ ಎದುರಿಗಿದೆ, ಸೆರಗಿನ ತುಂಡು ಮಾನಿಟರಿನ ಅಂಚಿಗೆ. ದಿನಾ ಕೆಲಸಕ್ಕೆ ಕೂರುವ ಮುಂಚೆ ಬರೇ ಬಿಳಿ ಹಚ್ಚಿ ನೋಡುತ್ತೇನೆ. ಅವರು ನಮ್ಮ ಮನೆಯವರೇ ಎಂದು ಈಗ ಯಾವ ಭಾಷೆಯಲ್ಲಿ ಹೇಳಿದರೂ ಕಾಕಾರಿಗೆ ಕೇಳುವುದಿಲ್ಲ.